ಬಳ್ಳಿ ಕೆತ್ತನೆಯ ಕೊಳದಪ್ಪಲೆ

ಮೊದಲೇ ಹೇಳಿಬಿಡುತ್ತೇನೆ. ನಾನು ತೊಟ್ಟಿರುವ ಈ ಅಂಗಿ ಹಳೆಯದು. ನನ್ನ ಮೈಮೇಲೆ ಹಳೆಯದಾದದ್ದಲ್ಲ, ಇನ್ನೊಬ್ಬರ ಮೈಮೇಲೆ ಹಳೆಯದಾದದ್ದು. ಕೈಗಡಿಯಾರವೂ ಹಾಗೇ, ಚಪ್ಪಲಿಯೂ ಹಾಗೇ, ಮೂಗಿನ ಮೇಲಿರುವ ಕನ್ನಡಕವೂ ಹಾಗೇ. ನಗುವವರು ಈಗಲೇ ನಕ್ಕು ಮುಗಿಸಿಕೊಳ್ಳಿ. ನಡುವೆ ನಕ್ಕರೆ ನನಗೆ ಕೋಪ ಬರುತ್ತದೆ.

ಮದ್ದೂರಿನ ಹಳೇ ಹೆದ್ದಾರಿಯ ಪಕ್ಕದಲ್ಲಿ ಪುಟ್ಟಮಾದಯ್ಯನ ಅಂಗಡಿ ಇದೆ. ಹೊಸ ಎಕ್ಸ್‌ಪ್ರೆಸ್‌ವೇ ಆಗಿ ಕಾರುಗಳೆಲ್ಲ ಊರ ಹೊರಗಿನಿಂದಲೇ ಓಡತೊಡಗಿದ ಮೇಲೆ ಬಾಗಿಲು ಹಾಕಿದ ಒಂದು ಹೋಟೆಲನ್ನು ಅವನು ಬಾಡಿಗೆಗೆ ಹಿಡಿದಿದ್ದಾನೆ. ಜನ ತಮಗೆ ಬೇಡವಾದ ಸಾಮಾನನ್ನು ಅಲ್ಲಿ ತಂದಿಟ್ಟು ಹೋಗುತ್ತಾರೆ. ಮಾರಾಟವಾದರೆ ಅವರಿಗೊಂದು ಪಾಲು, ಪುಟ್ಟಮಾದಯ್ಯನಿಗೊಂದು ಪಾಲು. 'ಕೈ ತೊಳೆಯುವ ಸ್ಥಳ' ಎಂಬ ಬೋರ್ಡು ಇನ್ನೂ ಗೋಡೆಯ ಮೇಲಿದೆ, ಅದರ ಕೆಳಗೆ ರೇಷ್ಮೆ ಸೀರೆಗಳು ನೇತಾಡುತ್ತವೆ. ಇಪ್ಪತ್ತೆಂಟು ವರ್ಷ ಈರುಳ್ಳಿ ವಡೆ ಕರಿದ ಗೋಡೆಗಳಾದ್ದರಿಂದ ಅಲ್ಲಿ ನಾಲ್ಕು ದಿನ ಇದ್ದ ಬಟ್ಟೆಗಾಗಲಿ, ಹಾಸಿಗೆ ಕುರ್ಚಿಗಾಗಲಿ ಒಂದು ವಾಸನೆ ಹತ್ತುತ್ತದೆ. ಎಷ್ಟು ಒಗೆದರೂ, ಬಿಸಿಲಿಗಿಟ್ಟರೂ ಹೋಗುವುದಿಲ್ಲ. ನಾನು ಈ ಅಂಗಿ ತೊಟ್ಟು ಬಸ್ಸಿನಲ್ಲಿ ಕೂತರೆ ಪಕ್ಕದವರಿಗೆ ಹಸಿವಾಗುತ್ತದೆ.

ಮಂಡ್ಯದವರು ಮಂಡ್ಯದಲ್ಲಿ ಹಳೇ ಸಾಮಾನು ಕೊಳ್ಳುವುದಿಲ್ಲ, ಯಾರಾದರೂ ನೋಡಿಬಿಟ್ಟಾರು. ಮಳವಳ್ಳಿಯವರು ಮಳವಳ್ಳಿಯಲ್ಲಿ ಮಾರುವುದಿಲ್ಲ, ಅವರಿಗೂ ಅದೇ ಭಯ. ಇಬ್ಬರ ಮರ್ಯಾದೆಯೂ ಉಳಿಯಲಿ ಅಂತಲೇ ದೇವರು ಹತ್ತಿರದಲ್ಲಿ ಮದ್ದೂರನ್ನು ಇಟ್ಟಿದ್ದಾನೆ. ಪುಟ್ಟಮಾದಯ್ಯನಿಗೂ ಈ ಮರ್ಮ ಗೊತ್ತು. "ತಂದಿಟ್ಟೋರ್ ಎಸ್ರು ಕೊಂಡೋರ್ಗೆ ಯೋಳಲ್ಲ, ಕೊಂಡೋರ್ ಎಸ್ರು ತಂದಿಟ್ಟೋರ್ಗೆ ಯೋಳಲ್ಲ. ನನ್ ಬಾಯಿಂದ ಎಸ್ರು ಬಂದ್ ದಿನ ಅಂಗ್ಡಿಗೆ ಬೀಗ" ಎನ್ನುತ್ತಾನೆ. ಅವನನ್ನು ಸುಟ್ಟರೂ ಹೇಳುವವನಲ್ಲ.

ಆ ಅಂಗಡಿಯ ರುಚಿ ಹತ್ತಿದವನಿಗೆ ಬೇರೆ ಚಟ ಬೇಕಿಲ್ಲ. ಹೊಸ ಅಂಗಡಿಯಲ್ಲಿ ನಮಗೆ ಬೇಕಾದದ್ದು ಸಿಗುತ್ತದೆ, ಅದರಲ್ಲೇನಿದೆ ಮಜಾ? ಇಲ್ಲಿ ನಮಗೆ ಬೇಕು ಅಂತಲೇ ಗೊತ್ತಿಲ್ಲದ್ದು ಸಿಗುತ್ತದೆ. ನಾನು ಒಂದು ಛತ್ರಿ ತರಲು ಹೋಗಿ ಹಾರ್ಮೋನಿಯಂ ತಂದಿದ್ದೇನೆ. ಹಾರ್ಮೋನಿಯಂ ವಾಪಸು ಕೊಡಲು ಹೋಗಿ ಗೋಡೆ ಗಡಿಯಾರ ತಂದಿದ್ದೇನೆ. ಛತ್ರಿ ಇನ್ನೂ ತಂದಿಲ್ಲ. ಕನ್ನಡಕ ಕೊಂಡದ್ದಂತೂ ಚೌಕಟ್ಟು ನೋಡಿ. ಅದರಲ್ಲಿ ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ, ಹತ್ತಿರದ್ದು ಮಾತ್ರ ಹೊಳೆ ನೀರಿನೊಳಗಿನ ಮೀನಿನಂತೆ ಅಲ್ಲಾಡುತ್ತದೆ. ಆದರೆ ಚೌಕಟ್ಟು ನೋಡಬೇಕು ನೀವು!

ನನ್ನ ಹೆಸರು ಅಂಕಯ್ಯ. ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ಉಗ್ರಾಣದ ಉಸ್ತುವಾರಿ ನನ್ನದು. ಹಂಡೆ, ಕೊಳಗ, ಸೌಟು, ಲೋಟ ಎಲ್ಲಕ್ಕೂ ನಾನೇ ದಿಕ್ಕು. ಉಗ್ರಾಣದ ಬೀಗದ ಕೈ ಹತ್ತೊಂಬತ್ತು ವರ್ಷದಿಂದ ನನ್ನ ಉಡುದಾರದಲ್ಲಿದೆ.

ಇಷ್ಟೆಲ್ಲ ಎದೆ ಸೆಟೆಸಿ ಹೇಳುವ ನಾನು ಮೊನ್ನೆ ಮೊನ್ನೆಯವರೆಗೂ ಯಾರಾದರೂ "ಎಲ್ಲಿ ತಂದೆ?" ಅಂದರೆ "ಮೈಸೂರು, ಹೊಸದು" ಅಂತ ಸುಳ್ಳು ಹೇಳುತ್ತಿದ್ದೆ. ಅದಕ್ಕೂ ಕಾರಣವಿದೆ. ನಮ್ಮಪ್ಪ ನಿಂಗಯ್ಯ ಹುಡುಗನಾಗಿದ್ದಾಗ ತೊಟ್ಟದ್ದೆಲ್ಲ ಊರ ದೊಡ್ಡಮನೆಯವರು ಹಾಕಿ ಬಿಟ್ಟ ಅಂಗಿ. ಹಿತ್ತಲ ಬಾಗಿಲಲ್ಲಿ ನಿಂತು ಕೈಯೊಡ್ಡಿದರೆ ಮೇಲಿನಿಂದ ಎಸೆಯುತ್ತಿದ್ದರು. ಮೊದಲ ಸಂಬಳದಲ್ಲಿ ಹೊಸ ಅಂಗಿ ಹೊಲಿಸಿಕೊಂಡ ದಿನ ಅವನು, "ನನ್ ಮಕ್ಳು ಇನ್ನೊಬ್ರು ಬಿಸಾಕಿದ್ ಬಟ್ಟೆ ಇಕ್ಕಬಾರ್ದು ಕಣ್ಲಾ" ಅಂದಿದ್ದ. ಆ ಮಾತು ಕಿವಿಯಲ್ಲೇ ಇತ್ತು. ಪುಟ್ಟಮಾದಯ್ಯನ ಅಂಗಡಿಯೂ ಮದ್ದೂರಿನಲ್ಲೇ ಇತ್ತು. ನಾನೇನು ಮಾಡಲಿ, ನಡುವೆ ಮೈಸೂರನ್ನು ತಂದಿಟ್ಟೆ.

ಆ ಭಾನುವಾರ ಅಂಗಡಿಯ ಮೂಲೆಯಲ್ಲಿ ಒಂದು ಹಿತ್ತಾಳೆ ಕೊಳದಪ್ಪಲೆ ಕಂಡೆ. ಹದಿನೈದು ಜನಕ್ಕೆ ಸಾರು ಕಾಯಿಸಬಹುದಾದ, ದಪ್ಪ ಅಂಚಿನ, ಹಳೇ ಕಾಲದ ಪಾತ್ರೆ. ಬೆರಳಲ್ಲಿ ತಟ್ಟಿದರೆ ಗಂಟೆ ಬಾರಿಸಿದ ಹಾಗೆ ಸದ್ದು. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಏನೋ ಹೂಬಳ್ಳಿ ಬೇರೆ ಕೆತ್ತಿದ್ದರು. ಪಾತ್ರೆ ವಿಷಯದಲ್ಲಿ ನನಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ. ಚೌಕಾಸಿ ಮಾಡಿ, ಎರಡು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದು, ಗೋಣಿಚೀಲದಲ್ಲಿ ಸುತ್ತಿಸಿಕೊಂಡು ಮಂಡ್ಯದ ಬಸ್ಸು ಹತ್ತಿದೆ.

ಮನೆಗೆ ಬಂದರೆ ನೆಂಟರು. ನನ್ನ ಹೆಂಡತಿ ಮೋಹಿನಿಯ ಚಿಕ್ಕವ್ವನ ಮಗ ಕೆಂಪರಾಜು, ಅವನ ಹೆಂಡತಿ ನಯನ. ಕೆಂಪರಾಜು ಮಳವಳ್ಳಿಯಲ್ಲಿ ಗ್ರಾನೈಟ್ ಹಾಸುವ ಕಂಟ್ರಾಕ್ಟರು. ಹೊಸ ಮನೆ ಕಟ್ಟಿಸಿದ್ದ, ಮುಂದಿನ ಭಾನುವಾರ ಮನೆ ಒಕ್ಕಲು ಅಂತ ಕರೆಯಲು ಬಂದಿದ್ದ. "ಎಲ್ಲಾ ಹೊಸದೇ ಬಾವ. ಸೋಫಾ ಬೆಂಗಳೂರಿಂದ್ಲೇ ತರಿಸ್ದೆ. ಅಳೇದು ಒಂದ್ ಕಡ್ಡಿ ಒಳೀಕ್ ಬಿಟ್ಟಿಲ್ಲ" ಅಂತ ಕಾಫಿ ಹೀರುತ್ತ ಹೇಳುತ್ತಿದ್ದ. ಆ ಮಾತು ಕೇಳಿ ನನಗೆ ಸುಮ್ಮನಿರಲಾಗಲಿಲ್ಲ. ಗೋಣಿಚೀಲ ಬಿಚ್ಚಿ ಕೊಳದಪ್ಪಲೆಯನ್ನು ನಡುಮನೆಯಲ್ಲಿ ಇಟ್ಟೆ.

"ನಾವೂ ಒಂದು ಹೊಸದು ತಂದ್ವಿ" ಅಂದೆ. "ಮೈಸೂರಿಂದ. ಈಗ ತಾನೇ."

"ಹಳೇ ಮಾದರಿ ಇದೆಯಲ್ಲ ಅಣ್ಣ?" ಅಂದಳು ನಯನ.

"ಮಾದರಿ ಹಳೇದು, ಮಾಲು ಹೊಸದು. ಕಂಠದ ಸುತ್ತ ಬಳ್ಳಿ ಕೆತ್ತನೆ ನೋಡಮ್ಮ. ಇಂಥಾ ಕೈಕೆಲಸ ಈಗ ಎಲ್ಲಿ ಮಾಡ್ತಾರೆ? ಒಂದೊಂದ್ ಎಲೇನೂ ಬಿಡಿಬಿಡಿಯಾಗಿ ಕಾಣ್ತದೆ."

ನಯನ ಬಗ್ಗಿದಳು. ಪಾತ್ರೆಯನ್ನು ಮೆಲ್ಲಗೆ ಸುತ್ತ ತಿರುಗಿಸುತ್ತ ಆ ಬಳ್ಳಿಯನ್ನು ಗಟ್ಟಿಯಾಗಿ ಓದಿದಳು. "ವೈದ್ಯನಾಥಪುರದ ಮರಿತಾಯಮ್ಮನಿಂದ... ಮಗ ಕೆಂಪರಾಜುವಿನ ಮದುವೆಗೆ... ಪ್ರೀತಿಯ ಕಾಣಿಕೆ."

ನಮ್ಮ ಕಡೆ ಪಾತ್ರೆಗೆ ಹೆಸರು ಹೊಡೆಸುವುದು ಎಲ್ಲರಿಗೂ ಗೊತ್ತು. ಹೆಸರಿಲ್ಲದ ಪಾತ್ರೆಯನ್ನು ಮದುವೆಗೆ ಕೊಟ್ಟರೆ ಕೊಟ್ಟ ಹಾಗೇ ಅಲ್ಲ. ಮರಿತಾಯಮ್ಮ ಅಂದರೆ ನನ್ನ ಅತ್ತೆ, ಮೋಹಿನಿಯ ತಾಯಿ. ತೀರಿಕೊಂಡು ಆರು ವರ್ಷವಾಯಿತು. ತಂಗಿಯ ಮಗನನ್ನು ಮಗ ಅಂತಲೇ ಕರೆಯುತ್ತಿದ್ದಳು.

ಅಡಿಗೆಮನೆಯಿಂದ ಮೋಹಿನಿ ಬಂದು ನಿಂತಳು. ಅವಳು ಕೆಂಪರಾಜುವಿನ ಮುಖ ನೋಡಿದಳು. ಕೆಂಪರಾಜು ನನ್ನ ಮುಖ ನೋಡಿದ. ನಾನು ಬಳ್ಳಿ ನೋಡಿದೆ. ನನಗೆ ಆಗಲೂ ಅದು ಬಳ್ಳಿಯೇ.

"ರೀ," ಅಂದಳು ನಯನ ಗಂಡನಿಗೆ, "ಇದು ಸಾಮಾನು ಸಾಗಿಸುವಾಗ ಕಳ್ಳತನ ಆಯ್ತು ಅಂದ್ರಲ್ಲ, ಅದೇ ಅಲ್ವಾ?"

ಕೆಂಪರಾಜುವಿಗೆ ಬೆವರು ಕಿತ್ತುಕೊಂಡಿತು. "ಅ... ಅದೇ ಕಣೆ. ಕಳುವಾಗಿದ್ದು ಇದೇಯ" ಅಂದ. ಆಮೇಲೆ ಧೈರ್ಯ ತಂದುಕೊಂಡು, "ಬಾವ, ಕೇಳಿದ್ರೆ ನಾನೇ ಕೊಡ್ತಿದ್ನಲ್ಲ!" ಅಂದುಬಿಟ್ಟ.

"ನಾನು ಕದ್ದಿಲ್ಲ!" ಅಂತ ಕೂಗಿದೆ.

"ಮತ್ತೆಲ್ಲಿ ತಂದ್ರಿ ಅಣ್ಣ?"

ಮದ್ದೂರು ಅನ್ನಬೇಕಿತ್ತು. ಬಾಯಿಂದ ಬಂದದ್ದು, "ಮೈಸೂರು. ಹೊಸದು."

ಈ ಸಮಯಕ್ಕೆ ಸರಿಯಾಗಿ ಕಿಟಕಿಯಲ್ಲಿ ದೊಡ್ಡಸಿದ್ದಯ್ಯನವರ ಮುಖ ಕಂಡಿತು. ಅವರು ಪಕ್ಕದ ಮನೆಯವರು, ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಸರ್ಕಾರ ಅವರನ್ನು ಕೆಲಸದಿಂದ ಬಿಟ್ಟು ಏಳು ವರ್ಷವಾಗಿದೆ, ಅವರು ಕೆಲಸವನ್ನು ಇನ್ನೂ ಬಿಟ್ಟಿಲ್ಲ. ಓಣಿಯಲ್ಲಿ ಬೆಕ್ಕು ಹಾಲು ಕುಡಿದರೂ ಮಹಜರು ಬರೆಯುತ್ತಾರೆ. "ಯಾರೂ ಪಾತ್ರೆ ಮುಟ್ಬೇಡಿ, ಬೆರಳಚ್ಚು ಅಳಿಸೋಯ್ತದೆ!" ಎನ್ನುತ್ತ ಒಳಗೆ ಬಂದರು. ಆಗಲೇ ಎಲ್ಲರೂ ಮುಟ್ಟಿದ್ದರಿಂದ ಅವರು ತಾವೂ ಒಮ್ಮೆ ಮುಟ್ಟಿ, ತಟ್ಟಿ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. "ಮುಂದಿನ್ ಭಾನ್ವಾರ ಮಳವಳ್ಳೀಲೇ ವಿಚಾರಣೆ. ಮನೆ ಒಕ್ಲಿಗೆ ನೆಂಟ್ರೆಲ್ಲ ಬತ್ತಾರೆ, ಸಾಕ್ಷಿಗೆ ಅನುಕೂಲ" ಅಂದರು. ಊಟವೂ ಸಿಗುತ್ತದೆ ಅನ್ನುವುದನ್ನು ಬರೆದುಕೊಳ್ಳಲಿಲ್ಲ.

ಸುದ್ದಿಗೆ ಕಾಲಿಲ್ಲ ಅಂತಾರೆ, ಆದರೆ ಅದಕ್ಕೆ ಬೈಕೇ ಇದೆ. ಸೋಮವಾರ ವೈದ್ಯನಾಥಪುರ ಮುಟ್ಟಿದಾಗ ಅದು ಒಂದು ಕೊಳದಪ್ಪಲೆಯಾಗಿತ್ತು. ಮಂಗಳವಾರ ಆತಗೂರಿನಲ್ಲಿ ಏಳಾಯಿತು. ಬುಧವಾರದ ಹೊತ್ತಿಗೆ ನಾನು ಮಂಟಪದ ಉಗ್ರಾಣದಿಂದ ಲಾರಿಗಟ್ಟಲೆ ಪಾತ್ರೆ ಸಾಗಿಸಿ ಮೈಸೂರಿನಲ್ಲಿ ಅಂಗಡಿ ಇಟ್ಟಿದ್ದೆ. ಅಡಿಗೆ ಭಟ್ಟರು ನನ್ನನ್ನು ಕಂಡರೆ ಸೌಟನ್ನು ಬೆನ್ನ ಹಿಂದೆ ಮರೆಮಾಡಿದರು. ಗುರುವಾರ ಮಂಟಪದ ಮಾಲೀಕರು ಕರೆಸಿ, ನೆಲ ನೋಡುತ್ತ, "ಅಂಕಯ್ಯ, ನಂಗೆ ನಂಬ್ಕೆ ಐತೆ. ಆದ್ರೂ ಇದೊಂದ್ ಇತ್ಯರ್ಥ ಆಗೋಗಂಟ ಬೀಗದ್ ಕೈ ನಾಗರಾಜು ತಾವ ಇರ್ಲಿ" ಅಂದರು. ನಾಗರಾಜು ವಾಚ್‌ಮನ್. ಹತ್ತೊಂಬತ್ತು ವರ್ಷದ ಬೀಗದ ಕೈ ಉಡುದಾರದಿಂದ ಬಿಚ್ಚಿ ಕೊಟ್ಟೆ. ಸೊಂಟ ಹಗುರಾಯಿತು, ನಾಚಿಕೆಯಾಯಿತು.

ಮೋಹಿನಿ ನಾಲ್ಕು ದಿನ ಮಾತಾಡಿರಲಿಲ್ಲ. ಹುಣಸೆಹಣ್ಣು ಹಾಕಿ ಆ ಪಾತ್ರೆಯನ್ನು ಉಜ್ಜುತ್ತಲೇ ಇದ್ದಳು. ಬೀಗದ ಕೈ ಹೋದದ್ದು ಕೇಳಿ ಬಾಯಿ ಬಿಟ್ಟಳು.

"ನೀವು ಕದ್ದಿಲ್ಲ ಅಂತ ನಂಗೊತ್ತು. ನಿಮ್ಗೆ ಕದಿಯೋ ಅಷ್ಟು ಬುದ್ಧಿ ಎಲ್ಲೈತೆ? ಮದ್ದೂರಿಂದ ತಂದ್ರಿ. ನಿಮ್ಮಂಗಿ ವಾಸ್ನೆ ನಂಗೊತ್ತಿಲ್ವಾ?"

"ಗೊತ್ತಿತ್ತಾ ನಿಂಗೆ?"

"ಎಲ್ಡ್ ವರ್ಷದಿಂದ! ಇವತ್ತೇಳ್ತಾರೆ, ನಾಳೆ ಏಳ್ತಾರೆ ಅಂತ ಕಾದೆ. ಕಳ್ಳ ಅನ್ನಿಸ್ಕೊಂಡ್ರೂ ಪರ್ವಾಗಿಲ್ಲ, ಅಳೇದು ಕೊಂಡೆ ಅನ್ನಕ್ಕೆ ನಾಚ್ಕೆಯಾ? ನಮ್ಮವ್ವ ಎಲ್ಡ್ ಬೆಳೆ ನಾಟಿ ಹಾಕಿ ಇದ್ನ ತಕ್ಕೊಂಡ್ಳು. ಸೊಂಟ ಬಗ್ಗಿಸಿ, ಕೆಸ್ರಲ್ಲಿ. ಅದು ಕಾಸ್ಗೆ ಮಾರೋಗಿತ್ತು, ನೀವು ತಂದ್ರಿ. ನಿಮ್ ಜಲ್ಮದಲ್ಲಿ ಮಾಡಿದ್ ಒಂದ್ ಒಳ್ಳೆ ಕೆಲ್ಸ ಇದು. ಅದನ್ನೂ ಮೈಸೂರ್ಗೆ ಕಟ್ಟುದ್ರಲ್ಲಾ!"

ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ದೂರದಿಂದ ನೋಡಿದ್ದರಿಂದ ನನಗೆ ಸ್ಪಷ್ಟವಾಗಿ ಕಂಡಿತು. ಅವಳ ಅವ್ವನ ಪಾತ್ರೆ ಅವಳ ಮನೆಯಲ್ಲೇ ಉಳಿಯಬೇಕು, ಕಳ್ಳಮಾಲಾಗಿ ವಾಪಸು ಹೋಗಬಾರದು. ಅಷ್ಟನ್ನು ಮಾಡದಿದ್ದರೆ ನಾನು ಗಂಡಸೇ ಅಲ್ಲ ಅಂತ ಅಂದೇ ಮದ್ದೂರಿಗೆ ಹೋದೆ.

ಪುಟ್ಟಮಾದಯ್ಯನ ಕಾಲು ಹಿಡಿಯುವುದೊಂದು ಬಾಕಿ. "ನಿಂಗೆ ಮಾರಿದ್ದು ನಾನೇ ಅಂತ ಬೇಕಾದ್ರೆ ಬಂದೇಳ್ತೀನಿ, ನೀನೇ ಕರೀತಿದ್ದೀಯ. ತಂದಿಟ್ಟೋರ್ ಎಸ್ರು ಮಾತ್ರ ಕೇಳ್ಬೇಡ" ಅಂದ. ಯಾರ ಮನೆ, ಯಾವ ಊರು ಅಂತಲೂ ಕೇಳದೆ, ಊಟಕ್ಕೆ ಏನು ಅಂತ ಮಾತ್ರ ಕೇಳಿದ.

ಭಾನುವಾರ ಮಳವಳ್ಳಿಯಲ್ಲಿ ಕೆಂಪರಾಜುವಿನ ಮನೆ ಝಗಝಗ ಅನ್ನುತ್ತಿತ್ತು. ಗೋಡೆಯ ಮೇಲೆ ಬಾಬಾಸಾಹೇಬರ ಪಟ, ಅದರ ಪಕ್ಕ ಬುದ್ಧನ ಪಟ, ಎರಡಕ್ಕೂ ಹೂವು. ಬುದ್ಧ ವಂದನೆ ಮುಗಿದಿತ್ತು. ನಾನು ಒಳಗೆ ಕಾಲಿಟ್ಟ ಕೂಡಲೇ ಒಬ್ಬಾಕೆ ಚೊಂಬನ್ನು ಸೆರಗಿನೊಳಗೆ ಎಳೆದುಕೊಂಡಳು. ನೀರು ಕೊಟ್ಟವನು ನಾನು ಕುಡಿದು ಮುಗಿಸುವವರೆಗೂ ಲೋಟವನ್ನು ಇನ್ನೊಂದು ಕಡೆಯಿಂದ ಹಿಡಿದುಕೊಂಡೇ ನಿಂತಿದ್ದ. ಮೋಹಿನಿ ಹಿಂದಿನಿಂದ ಬಂದಳು. ಮಿರಮಿರ ಮಿಂಚುವ ಕೊಳದಪ್ಪಲೆ ಅವಳ ಸೊಂಟದ ಮೇಲಿತ್ತು. ನಡುಮನೆಯಲ್ಲಿ ಇಳಿಸಿ, ಅದರ ಪಕ್ಕದಲ್ಲೇ ನಿಂತಳು.

ಪುಟ್ಟಮಾದಯ್ಯ ಬಾಗಿಲಲ್ಲಿ ಕೆಂಪರಾಜುವನ್ನು ನೋಡಿ ಗಕ್ಕನೆ ನಿಂತ. ಕೆಂಪರಾಜು ಅವನನ್ನು ನೋಡಿ ಬಾಳೆಕಂಬದ ಹಿಂದೆ ಸರಿದ. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ ಸೂರು ನೋಡತೊಡಗಿದರು.

"ವಿಚಾರಣೆ ಸುರು" ಅಂದರು ದೊಡ್ಡಸಿದ್ದಯ್ಯ. "ಅಂಕಯ್ಯ, ನಿಜ ಬೊಗಳು. ಪಾತ್ರೆ ಎಲ್ಲಿಂದ ಬಂತು?"

ಅರವತ್ತು ಜನ ನೋಡುತ್ತಿದ್ದರು. ನಾಲಿಗೆಯ ತುದಿಗೆ ಮೈಸೂರು ಬಂದೇ ಬಂತು. ಮೋಹಿನಿಯ ಕೈ ಆ ಪಾತ್ರೆಯ ಅಂಚಿನ ಮೇಲಿರುವುದು ಕಂಡಿತು. ಮೈಸೂರನ್ನು ನುಂಗಿದೆ.

"ಮದ್ದೂರಿಂದ! ಪುಟ್ಟಮಾದಯ್ಯನ ಹಳೇ ಸಾಮಾನಿನ ಅಂಗಡಿಯಿಂದ! ಇದೊಂದೇ ಅಲ್ಲ, ಈ ಅಂಗಿ ಅಲ್ಲಿದು. ಈ ವಾಚು ಅಲ್ಲಿದು. ಮೆಟ್ಟು ಅಲ್ಲಿದು. ಈ ಕನ್ನಡಕ ಯಾವನದೋ ಏನೋ, ನಂಗೆ ಹತ್ತಿರದ್ದು ಒಂದಕ್ಷರ ಕಾಣಲ್ಲ, ಅದಕ್ಕೇ ನಮ್ಮತ್ತೆ ಹೆಸರನ್ನ ಬಳ್ಳಿ ಅಂದೆ. ಎರಡು ವರ್ಷದಿಂದ ಸೆಕೆಂಡ್ ಹ್ಯಾಂಡ್ ತಗೊಂಡು ಮೈಸೂರು ಅಂತ ಸುಳ್ಳು ಹೇಳ್ತಿದ್ದೆ. ಇವತ್ತಿಗೆ ಮುಗೀತು. ಇನ್ನು ಮೇಲೆ ಹಳೇದನ್ನೇ ತಗೋತೀನಿ, ಹಳೇದು ಅಂತಲೇ ಹೇಳ್ತೀನಿ. ಯಾರಪ್ಪಂದೇನು? ನಂಬಿಕೆ ಇಲ್ಲದೋರು ಬಂದು ನನ್ನಂಗಿ ಮೂಸಿ!"

ದೊಡ್ಡಸಿದ್ದಯ್ಯ ನಿಜವಾಗಿಯೂ ಬಂದು ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. "ಈರುಳ್ಳಿ ವಡೆ" ಅಂತ ಬರೆದುಕೊಂಡು, ಪುಟ್ಟಮಾದಯ್ಯನ ಕಡೆ ತಿರುಗಿದರು. "ನೀನು ಇವ್ನಿಗೆ ಮಾರಿದ್ದು ನಿಜವೇನ್ಲಾ?"

"ನಿಜ ಸಾ."

"ನಿಂಗೆ ತಂದ್ಕೊಟ್ಟೋರ್ ಯಾರು?"

"ಅದೊಂದ್ ಕೇಳ್ಬೇಡಿ ಸಾ. ನನ್ ಕುತ್ಗೆ ಕುಯ್ದ್ರೂ ಯೋಳಲ್ಲ. ಯಾಪಾರ ಅಂದ್ರೆ ನಂಬ್ಕೆ."

"ಪೊಲೀಸಿನೋರ್ ಮುಂದೆ ನಂಬ್ಕೆ ಗಿಂಬ್ಕೆ ಇಲ್ಲ! ಬಾಯಿ ಬುಡಿಸೋದು ನಂಗೊತ್ತು. ಬೆಳಗಿನ ಜಾವದವರ್ಗೂ ಇಲ್ಲೇ ಕೂರ್ತೀನಿ" ಎನ್ನುತ್ತ ದೊಡ್ಡಸಿದ್ದಯ್ಯ ಗತ್ತಿನಿಂದ ಹಿಂದೆ ಸರಿದು ಬೆಂಗಳೂರಿನ ಸೋಫಾದ ಎಡಮೂಲೆಯಲ್ಲಿ ಕೂರಲು ಹೋದರು.

"ಅಯ್ಯಯ್ಯೋ, ಆ ಮೂಲೇಲಿ ಕೂರ್ಬೇಡಿ ಸಾ, ಸ್ಪ್ರಿಂಗು ಕಿತ್ತೋಗದೆ!"

ಕೂಗಿದವನು ಪುಟ್ಟಮಾದಯ್ಯ. ಕೂಗಿದ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಪಾಪ, ಅವನದೇನು ತಪ್ಪು? ತನ್ನ ಮಾಲಿನ ಮೇಲೆ ಕೂತವರಿಗೆ ಚುಚ್ಚಬಾರದು ಅನ್ನುವುದೂ ವ್ಯಾಪಾರದ ನಂಬಿಕೆಯೇ.

ದೊಡ್ಡಸಿದ್ದಯ್ಯ ಅರ್ಧ ಕೂತ ಭಂಗಿಯಲ್ಲೇ ಇದ್ದರು. ಆಮೇಲೆ ನಿಧಾನವಾಗಿ ತಿರುಗಿ, ಮಂಡಿಯೂರಿ, ಸೋಫಾಕ್ಕೆ ಮೂಗಿಟ್ಟರು. ಇಡೀ ಸೇವಾವಧಿಯಲ್ಲಿ ಅವರು ಇಷ್ಟು ಚೆನ್ನಾಗಿ ತನಿಖೆ ಮಾಡಿರಲಿಕ್ಕಿಲ್ಲ.

"ಈರುಳ್ಳಿ ವಡೆ!" ಅಂತ ಘೋಷಿಸಿದರು.

"ಅದಕ್ಕೇ ಹದಿನೈದು ದಿನದಿಂದ ಸಾಮಾನು ಜೋಡಿಸೋಕೆ ಬಂದು ಇಲ್ಲಿ ಕೂತಾಗೆಲ್ಲ ಹಸಿವಾಗ್ತದೆ!" ಅಂದಳು ನಯನ. "ಬೆಂಗಳೂರು ಅಂದ್ರಲ್ರೀ? ಕಳ್ಳತನ ಆಯ್ತು ಅಂದ್ರಲ್ರೀ?"

ಕೆಂಪರಾಜು ಬಾಳೆಕಂಬದ ಹಿಂದಿನಿಂದ ಹೊರಬಂದ. "ಗ್ರಾನೈಟ್ ಮನೇಲಿ ಇತ್ತಾಳೆ ಪಾತ್ರೆ ಒಪ್ಪಲ್ಲ ಅನ್ನಿಸ್ತು ಕಣೆ" ಅಂದ. "ಅದ್ನ ಮಾರಕ್ಕೆ ಓದೆ. ಅಲ್ಲಿ ಈ ಸೋಫಾ ಕಣ್ಣಿಗ್ ಬಿತ್ತು..."

ಆ ಒಂದು ಮಾತಿಗೆ ಮಾತ್ರ ನನಗೆ ಅವನ ಮೇಲೆ ಕನಿಕರ ಬಂತು. ಅಲ್ಲಿ ಏನಾದರೂ ಕಣ್ಣಿಗೆ ಬಿದ್ದರೆ ಬಿಡುವುದು ಯಾರಿಂದ ಸಾಧ್ಯ?

ಮೋಹಿನಿಗೆ ಕನಿಕರ ಬರಲಿಲ್ಲ. "ಕೆಂಪ, ಸೋಫಾ ತಕ್ಕೊಂಡಿದ್ದು ತಪ್ಪಲ್ಲ. ನಮ್ಮವ್ವ ನಿನ್ನ ಮಗ ಅಂತ ಬರ್ಸಿದ್ಲು, ಅದ್ನ ಮಾರ್ಕೊಂಡೆ. ಮಾರ್ಕೊಂಡಿದ್ದೂ ಓಗ್ಲಿ. ನನ್ ಗಂಡನ್ನ ಕಳ್ಳನ್ ಮಾಡ್ದಲ್ಲೋ!"

ಕೆಂಪರಾಜು ತಲೆ ಬಗ್ಗಿಸಿದ. ಆಮೇಲೆ ಮರ್ಯಾದೆಯಲ್ಲಿ ಉಳಿದಷ್ಟನ್ನು ಉಳಿಸಿಕೊಳ್ಳಲು ಅಂತ ಕಾಣುತ್ತದೆ, ದೊಡ್ಡ ಮನುಷ್ಯನ ದನಿಯಲ್ಲಿ, "ಆಗಿದ್ದಾಯ್ತು. ಬಾವ, ಪಾತ್ರೆ ನೀವೇ ಇಟ್ಕೊಳ್ಳಿ. ನಾನೇ ಕೊಟ್ಟೆ ಅಂತ ತಿಳ್ಕೊಳ್ಳಿ" ಅಂದ.

ಅಲ್ಲಿಯವರೆಗೂ ತಣ್ಣಗಿದ್ದ ನನ್ನ ನೆತ್ತಿ ಆಗ ಕಾದದ್ದು.

"ಏನಂದೆ? ಕೊಟ್ಟೆಯಾ? ನಮ್ಮಪ್ಪನಿಗೆ ಕೊಡ್ತಿದ್ರು ಕಣಯ್ಯ. ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ ಕೊಡ್ತಿದ್ರು. ನಂಗೆ ಯಾವನೂ ಕೊಟ್ಟಿಲ್ಲ. ಮುಂಬಾಗಿಲಿಂದ ಹೋಗಿ, ಚೌಕಾಸಿ ಮಾಡಿ, ಬೇಡ ಅಂತ ಎರಡು ಸಲ ಎದ್ದು ಬಂದು, ನನ್ನ ದುಡ್ಡಲ್ಲಿ ಕೊಂಡಿದೀನಿ. ಹಳೇದು ಹೌದು. ಬೇಡಿದ್ದಲ್ಲ!"

ಯಾರೂ ನಗಲಿಲ್ಲ. ಪುಟ್ಟಮಾದಯ್ಯ ಮಾತ್ರ, "ಎಲ್ಡಲ್ಲ, ಮೂರ್ ಸಲ ಎದ್ದೋಗಿದ್ದ" ಅಂತ ಸಾಕ್ಷಿ ಹೇಳಿದ.

ಊಟ ಮಾಡಿಯೇ ಬಂದೆವು. ಯಾಕೆ ಬಿಡಬೇಕು? ಈ ಸಲ ಲೋಟವನ್ನು ಯಾರೂ ಹಿಡಿದುಕೊಳ್ಳಲಿಲ್ಲ. ಕೈ ತೊಳೆಯುವ ಕಡೆ ನಾಲ್ಕೈದು ನೆಂಟರು ಪುಟ್ಟಮಾದಯ್ಯನನ್ನು ಮೂಲೆಗೆ ಕರೆದುಕೊಂಡು ಹೋಗಿ, ಭಾನುವಾರ ಅಂಗಡಿ ಎಷ್ಟು ಹೊತ್ತಿಗೆ ತೆಗೆಯುತ್ತದೆ ಅಂತ ಪಿಸುದನಿಯಲ್ಲಿ ಕೇಳುತ್ತಿದ್ದರು. ಮಾರನೆಯ ಬೆಳಿಗ್ಗೆ ಮಂಟಪದ ಮಾಲೀಕರೇ ಬೀಗದ ಕೈ ತಂದು ನನ್ನ ಕೈಗಿಟ್ಟರು. "ಒಳ್ಳೆ ಡೈನಿಂಗ್ ಟೇಬಲ್ ಏನಾರಾ ಬಂದ್ರೆ ಒಂದ್ ಮಾತೇಳು" ಅಂತಲೂ ಅಂದರು.

ಸಂಜೆ ಮೋಹಿನಿ ಕೊಳದಪ್ಪಲೆಯನ್ನು ಸೊಂಟಕ್ಕಿಟ್ಟುಕೊಂಡು, "ನಡೀರಿ" ಅಂದಳು. ಮಂಡ್ಯದ ಪೇಟೆಯಲ್ಲಿ ಪಾತ್ರೆಗೆ ಹೆಸರು ಹೊಡೆಯುವವನ ಮುಂದೆ ಹೋಗಿ ನಿಂತೆವು. ಅವನು ಕಂಠದ ಮೇಲಿನ ಹಳೇ ಅಕ್ಷರ ನೋಡಿ, "ಇದ್ನ ಉಜ್ಜಿ ಅಳಿಸ್ಬುಡ್ಲಾ ಅಕ್ಕ?" ಅಂದ.

"ಒಂದ್ ಚುಕ್ಕಿ ಮುಟ್ಟೀಯ! ಅದರ ಕೆಳೀಕೆ ಬರಿ" ಅಂದಳು. ಅವಳು ಹೇಳುತ್ತ ಹೋದ ಹಾಗೆ ಅವನು ಚೀಟಿಯಲ್ಲಿ ಬರೆದುಕೊಂಡ. 'ಇದನ್ನು ಮದ್ದೂರಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡವರು ಮರಿತಾಯಮ್ಮನ ಮಗಳು ಮೋಹಿನಿ, ಅಳಿಯ ಅಂಕಯ್ಯ.'

ಅವನು ಚೀಟಿ ಓದಿ ಪೆನ್ನಿನಿಂದ ತಲೆ ಕೆರೆದುಕೊಂಡ. "ಅಕ್ಷರ ಜಾಸ್ತಿ ಆಯ್ತು ಅಕ್ಕ, ಜಾಗ ಸಾಲಕ್ಕಿಲ್ಲ. ಆ 'ಸೆಕೆಂಡ್ ಹ್ಯಾಂಡ್' ಅನ್ನೋದ್ ಬುಟ್ಬುಡ್ಲಾ? ನೋಡ್ದೋರ್ ಏನಂತಾರೆ?"

"ಬೇಕಾದ್ರೆ ನಮ್ ಎಸ್ರು ಬುಡಪ್ಪ" ಅಂದಳು ಮೋಹಿನಿ. "ಅದೊಂದ್ನ ಮಾತ್ರ ದಪ್ಪಕೆ ಹೊಡಿ. ಇವ್ರ ಕನ್ನಡ್ಕಕ್ಕೂ ಕಾಣ್ಬೇಕು."